ಒಂದೂವರೆ ತಿಂಗಳ ಲಸಿಕೆಗೆ ಐದು ತಿಂಗಳೇಕೆ?

ನಮ್ಮ ಪರಿಚಿತರಾದ ಹೋಟೆಲ್ ನೌಕರರೊಬ್ಬರು ಮೊನ್ನೆ ತಮ್ಮ ಕೂಸಿನ ತಾಯಿ ಕಾರ್ಡನ್ನು ತಂದು ನಮಗೆ ತೋರಿಸಿದರು. ಕುಂದಾಪುರದ ಕಡೆಯ ಹಳ್ಳಿಯಿಂದ ಮುಂಬಯಿಗೆ ಬಂದು, ಪಾತ್ರೆ ತೊಳೆಯುವ ಕೆಲಸದಿಂದ ಮೊದಲ್ಗೊಂಡು ಇಂದು ಗಲ್ಲಾದಲ್ಲಿ ಕುಳಿತುಕೊಳ್ಳುವವರೆಗೆ ಏರಿದ ಸದ್ಗೃಹಸ್ಥರು ಅವರು. ಕಾರ್ಡಿನಲ್ಲಿ, ಕೂಸು ಹುಟ್ಟಿದಾಗ ಹಾಕಿದ ಬಿ.ಸಿ.ಜಿ., ಪೋಲಿಯೊ ಹನಿ ಮತ್ತು ಹೆಪಟೈಟಿಸ್-ಬಿ ಲಸಿಕೆಗಳ ತಾರೀಖು ಸ್ಪಷ್ಟವಾಗಿ ಬರೆದಿತ್ತು. ಅದರ ಕೆಳಗೆ ಒಂದೂವರೆ ತಿಂಗಳು, ಎರಡೂವರೆ ತಿಂಗಳು, ಮೂರೂವರೆ ತಿಂಗಳು ಎಂದು ಅಚ್ಚಾಗಿದ್ದ ಮೂರು ಸಾಲುಗಳೂ ಬರಿದಾಗಿದ್ದವು. ಕೂಸಿಗೆ ಆಗಲೇ ಐದು ತಿಂಗಳು ತುಂಬಿತ್ತು.

ಲಸಿಕೆ ಬೇಡವೆಂದವರು ಯಾರು ಎಂದು ನಾವು ಕೇಳಿದೆವು. ಯಾರೂ ಬೇಡವೆಂದಿರಲಿಲ್ಲ. ಆರನೆಯ ವಾರ ಕೂಸಿಗೆ ನೆಗಡಿಯಾಗಿತ್ತು. "ಗುಣವಾಗಲಿ, ಮುಂದಿನ ವಾರ ನೋಡಿದರಾಯಿತು" ಎಂದು ಅಜ್ಜಿ ಹೇಳಿದರು. ಮುಂದಿನ ವಾರ ಮನೆಯಲ್ಲಿ ಮದುವೆಯ ಗದ್ದಲ. ಅದರ ಮರುವಾರ ಬಿಡದೆ ಸುರಿದ ಮಳೆ. ಮೂರನೆಯ ತಿಂಗಳಿನಲ್ಲಿ ಬಾಣಂತಿ ತವರಿನಿಂದ ಗಂಡನ ಮನೆಗೆ ಬಂದರು. ಕಾರ್ಡು ತವರುಮನೆಯ ಪೆಟ್ಟಿಗೆಯಲ್ಲಿಯೇ ಉಳಿಯಿತು. ನಾಲ್ಕನೆಯ ತಿಂಗಳಿನಲ್ಲಿ ಮುಂಬಯಿಯ ರೈಲಿಗೆ ಟಿಕೇಟು ದೊರೆಯಿತು. "ಹೇಗೂ ಅಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳುಂಟಲ್ಲ, ಅಲ್ಲಿಯೇ ಹಾಕಿಸಿದರಾಯಿತು" ಎಂದು ಎಲ್ಲರೂ ಸಮಾಧಾನಪಟ್ಟರು. ಇಲ್ಲಿಗೆ ಬಂದ ಮೇಲೆ ತಂದೆಗೆ ಬಿಡುವಿಲ್ಲ, ತಾಯಿಗೆ ಮರಾಠಿ ಬಾರದು. ಊರಿನಿಂದ ಬಂದ ಬಂಧುವೊಬ್ಬರ ಚೀಲದಲ್ಲಿ ಕಾರ್ಡು ಬಂದು ತಲುಪುವ ಹೊತ್ತಿಗೆ ಐದು ತಿಂಗಳು ಕಳೆದಿದ್ದವು.

ಈ ಒಂದು ಕಾರ್ಡಿನ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ಮಕ್ಕಳಿಗೆ ಲಸಿಕೆ ತಡವಾದರೆ ತಾಯಿತಂದೆಗಳ ಅಜ್ಞಾನ, ಮೂಢನಂಬಿಕೆ, ಅನಾಸ್ಥೆ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವವರು ಬಹಳ ಮಂದಿ ಇದ್ದಾರೆ. ಆ ತೀರ್ಪನ್ನು ನಾವು ಒಪ್ಪುವುದಿಲ್ಲ. ಬೇಡವೆನ್ನುವವರು ಇಲ್ಲವೆಂದಲ್ಲ, ಆದರೆ ನಮ್ಮ ಜನರಲ್ಲಿ ಅಂಥವರು ವಿರಳ. ನಮ್ಮಲ್ಲಿ ನಡೆಯುವುದು ನಿರಾಕರಣೆಯಲ್ಲ, ಮುಂದೂಡಿಕೆ. ಕೂಸು ಹುಟ್ಟುವುದು ಒಂದೂರಿನಲ್ಲಿ, ಬೆಳೆಯುವುದು ಇನ್ನೊಂದೂರಿನಲ್ಲಿ, ತಂದೆ ದುಡಿಯುವುದು ಗಡಿಯಾರಕ್ಕೆ ಕಟ್ಟಿದ ಪಾಳಿಯಲ್ಲಿ. ಈ ಮೂರರ ನಡುವೆ ಲಸಿಕೆಯ ತಾರೀಖು ಜಾರಿಹೋಗುತ್ತದೆ. ರೋಗವನ್ನು ಸರಿಯಾಗಿ ಗುರುತಿಸದೆ ಮದ್ದು ಕೊಡಲಾಗದು. ಆದುದರಿಂದ ಈ ವಿಳಂಬದ ನಿಜವಾದ ಕಾರಣಗಳನ್ನು ನಮ್ಮ ವಾಚಕ ಬಂಧುಗಳ ಮುಂದಿಡುವುದು ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ದೇಶದ ಒಟ್ಟು ಲೆಕ್ಕವನ್ನು ನೋಡಿದರೆ ಸಂತೋಷಪಡಲು ಕಾರಣವಿದೆ. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವು ಆರಂಭವಾದಂದಿನಿಂದ ನಾವು ಬಹುದೂರ ಬಂದಿದ್ದೇವೆ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 12ರಿಂದ 23 ತಿಂಗಳ ವಯಸ್ಸಿನ ಮಕ್ಕಳಲ್ಲಿ ಮೂಲ ಲಸಿಕೆಗಳನ್ನೆಲ್ಲ ಪಡೆದವರು ಶೇಕಡಾ 62. 2019-21ರ ಸಮೀಕ್ಷೆಯಲ್ಲಿ ಶೇಕಡಾ 76.4. ಆದರೆ ಅದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನು ನಗರವಾಸಿಗಳಾದ ನಾವು ಗಮನಿಸಬೇಕು. ಹಳ್ಳಿಗಳಲ್ಲಿ ಶೇಕಡಾ 76.8, ಪಟ್ಟಣಗಳಲ್ಲಿ ಶೇಕಡಾ 75.5. ಆಸ್ಪತ್ರೆಗಳೂ ವೈದ್ಯರೂ ಬೀದಿಗೊಬ್ಬರಂತಿರುವ ಪಟ್ಟಣವು ಹಳ್ಳಿಗಿಂತ ಮುಂದಿಲ್ಲ. ಒಂದು ಕೂದಲೆಳೆಯಷ್ಟು ಹಿಂದೆಯೇ ಇದೆ. ಹಳ್ಳಿಯಲ್ಲಿ ಯಾರ ಮನೆಯಲ್ಲಿ ಕೂಸಿದೆ ಎಂಬುದು ಆಶಾ ಕಾರ್ಯಕರ್ತೆಗೂ ಅಂಗನವಾಡಿಯವರಿಗೂ ಗೊತ್ತು. ವಾರ ತಪ್ಪಿದರೆ ಅವರು ಜಗಲಿಗೆ ಬಂದು ಕೇಳುತ್ತಾರೆ. ಪಟ್ಟಣದ ಖೋಲಿಗೆ ನಿನ್ನೆ ಬಂದ ಕೂಸಿನ ಸುದ್ದಿ ಪಕ್ಕದ ಬಾಗಿಲಿಗೂ ತಿಳಿಯದು.

ಮೇಲಾಗಿ ಇಂಥ ಅಂಕಿಗಳು ಲಸಿಕೆ ಹಾಕಿಸಿದ್ದಾರೆಯೇ ಇಲ್ಲವೇ ಎಂಬುದನ್ನು ಹೇಳುತ್ತವೆ. ಸಕಾಲದಲ್ಲಿ ಹಾಕಿಸಿದರೇ ಎಂಬುದನ್ನು ಹೇಳುವುದಿಲ್ಲ. ಒಂದೂವರೆ ತಿಂಗಳಿಗೆ ಹಾಕಿಸಿದ ಕೂಸೂ ಹನ್ನೊಂದನೆಯ ತಿಂಗಳಿಗೆ ಹಾಕಿಸಿದ ಕೂಸೂ ಆ ಲೆಕ್ಕದಲ್ಲಿ ಒಂದೇ. ರೋಗದ ಲೆಕ್ಕದಲ್ಲಿ ಅವೆರಡೂ ಒಂದೇ ಅಲ್ಲ.

ಕಾರ್ಡಿನಲ್ಲಿ ಅಚ್ಚಾದ ತಾರೀಖುಗಳು ಯಾರೋ ಕಚೇರಿಯ ಅನುಕೂಲಕ್ಕಾಗಿ ಬರೆದವುಗಳಲ್ಲ. ತಾಯಿಯ ಗರ್ಭದಿಂದ ಕೂಸು ಹೊತ್ತು ತಂದ ರಕ್ಷಣೆಯು ಕೆಲವು ತಿಂಗಳುಗಳಲ್ಲಿ ಕರಗುತ್ತ ಹೋಗುತ್ತದೆ. ಅದು ಕರಗುವುದರೊಳಗೆ ಕೂಸಿನ ಸ್ವಂತ ರಕ್ಷಣೆಯು ಬೆಳೆದು ನಿಲ್ಲಬೇಕು. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳುಗಳಲ್ಲಿ ಕೊಡುವ ಪೆಂಟಾವೇಲೆಂಟ್ ಎಂಬ ಲಸಿಕೆಯು ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ ಹಾಗೂ ನ್ಯುಮೋನಿಯ ಮತ್ತು ಮಿದುಳುಪೊರೆಯ ಬಾವು ತರುವ ಹಿಬ್ ಎಂಬ ಕ್ರಿಮಿ, ಈ ಐದರಿಂದ ಕಾಪಾಡುತ್ತದೆ. ಇವುಗಳಲ್ಲಿ ನಾಯಿಕೆಮ್ಮೊಂದನ್ನೇ ತೆಗೆದುಕೊಳ್ಳಿರಿ. ದೊಡ್ಡವರಿಗೆ ಅದು ವಾರಗಟ್ಟಲೆ ಕಾಡುವ ಕೆಮ್ಮು ಮಾತ್ರ. ಎರಡು ಮೂರು ತಿಂಗಳ ಕೂಸಿಗಾದರೋ ಕೆಮ್ಮುವಷ್ಟು ತ್ರಾಣವೂ ಇಲ್ಲದೆ ಉಸಿರೇ ನಿಂತುಹೋಗಬಹುದು. ಆ ರೋಗವು ಅತಿ ಘೋರವಾಗಿರುವ ತಿಂಗಳುಗಳು ಯಾವುವೋ, ನಮ್ಮ ಕೂಸುಗಳು ತವರಿಗೂ ಮುಂಬಯಿಗೂ ನಡುವೆ ಲಸಿಕೆಯಿಲ್ಲದೆ ಅಲೆಯುವ ತಿಂಗಳುಗಳೂ ಅವೇ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರಂತೆ ಎಂಬ ಗಾದೆ ನಮ್ಮಲ್ಲಿದೆ. ಬಾಗಿಲು ಹಾಕಿದುದು ನಿಜ, ಆದರೆ ಯಾವಾಗ?

ದಡಾರದ ಮಾತೂ ಹೀಗೆಯೇ. ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಒಂಬತ್ತು ತಿಂಗಳು ತುಂಬಿದ ಮೇಲೆ, ಎರಡನೆಯದು ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳುಗಳ ನಡುವೆ. ಅಷ್ಟು ಹೊತ್ತಿಗೆ ಕೂಸು ಅಂಬೆಗಾಲಿಟ್ಟು ಆಡುತ್ತಿರುತ್ತದೆ. ತಾಯಿತಂದೆಗಳಿಗೆ ಲಸಿಕೆಯ ನೆನಪು ಮಾಸಿರುತ್ತದೆ. ಆದರೆ ದಡಾರದಷ್ಟು ವೇಗವಾಗಿ ಹರಡುವ ರೋಗ ಇನ್ನೊಂದಿಲ್ಲವೆಂದರೂ ಸಲ್ಲುತ್ತದೆ. ರಕ್ಷಣೆಯಿಲ್ಲದವರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ಅದು ತಗಲಬಲ್ಲುದು. ಅದನ್ನು ತಡೆಯಬೇಕಾದರೆ ನೂರಕ್ಕೆ 95 ಮಕ್ಕಳಿಗಾದರೂ ಎರಡು ಡೋಸ್ ಆಗಿರಬೇಕು. ಒಂದೇ ಜಿನೆಯನ್ನು ಹತ್ತಾರು ಮನೆಗಳವರು ಹತ್ತಿಳಿಯುವ ಚಾಳುಗಳಲ್ಲಿ ವಾಸಿಸುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 2022ರ ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ ಮುಂಬಯಿಯ ಗೋವಂಡಿಯಲ್ಲಿ ಕಾಣಿಸಿಕೊಂಡ ದಡಾರವು ನಗರದ ಹಲವು ಭಾಗಗಳಿಗೆ ಹಬ್ಬಿ ಹಲವು ಎಳೆಯ ಮಕ್ಕಳನ್ನು ಬಲಿತೆಗೆದುಕೊಂಡಿತು. 2020ರ ಲಾಕ್‌ಡೌನ್ ಮತ್ತು ಅದರ ಬೆನ್ನಿಗೆ ಬಂದ ಗೊಂದಲದ ದಿನಗಳಲ್ಲಿ ತಪ್ಪಿಹೋಗಿದ್ದ ಲಸಿಕೆಗಳ ಫಲವನ್ನು ಆಗ ನಗರವು ಉಂಡಿತು. ಒಂಬತ್ತು ತಿಂಗಳು ತುಂಬದ ಕೂಸುಗಳಿಗೂ ರೋಗ ತಗಲಿದುದರಿಂದ, ರೋಗವಿದ್ದ ಪ್ರದೇಶಗಳಲ್ಲಿ ಆರು ತಿಂಗಳ ಕೂಸುಗಳಿಗೂ ಹೆಚ್ಚಿನ ಒಂದು ಡೋಸ್ ಕೊಡಬೇಕಾಯಿತು. ದೊಡ್ಡ ಮಕ್ಕಳ ಲಸಿಕೆ ತಪ್ಪಿದರೆ ಅದರ ಶಿಕ್ಷೆಯನ್ನು ಅನುಭವಿಸುವುದು ಲಸಿಕೆಯ ವಯಸ್ಸೇ ಆಗದ ಹಸುಗೂಸು ಎಂಬುದನ್ನು ನಾವು ಮರೆಯಬಾರದು.

ಇನ್ನು ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಬಾಣಂತನದ ಪಯಣ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಒಳ್ಳೆಯದೇ. ತಾಯಿಯ ಆರೈಕೆಗೆ ಸಮನಾದುದು ಯಾವುದಿದೆ? ಆದರೆ ಊರಿನ ಆರೋಗ್ಯ ಕೇಂದ್ರವು "ಮುಂಬಯಿಯ ಕೂಸು, ಅಲ್ಲಿ ಹಾಕಿಸಿಯಾರು" ಎಂದುಕೊಳ್ಳುತ್ತದೆ. ಮುಂಬಯಿಯಲ್ಲಿ ಈ ಕೂಸಿನ ಹೆಸರೇ ಯಾವ ದಾಖಲೆಯಲ್ಲಿಯೂ ಇರುವುದಿಲ್ಲ. ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿರುವ ನಮ್ಮವರ ಪಾಡೂ ಇದೇ. "ನಮ್ಮದು ಕರ್ನಾಟಕದ ಕಾರ್ಡು, ಇಲ್ಲಿ ನಡೆಯದು" ಎಂಬ ಭಯವೂ ಹಲವರಲ್ಲಿದೆ. ಈ ಭಯಕ್ಕೆ ಆಧಾರವಿಲ್ಲ. ಲಸಿಕೆಯ ಪಟ್ಟಿ ದೇಶಕ್ಕೆಲ್ಲ ಒಂದೇ; ಸರಕಾರಿ ಕೇಂದ್ರದಲ್ಲಿ ಅದು ಉಚಿತ. ಇಲ್ಲಿಯ ರೇಷನ್ ಕಾರ್ಡಿಲ್ಲವೆಂಬ ಕಾರಣಕ್ಕೆ ಕೂಸಿಗೆ ಲಸಿಕೆ ತಪ್ಪಬೇಕಾಗಿಲ್ಲ. ಈಗ ಯು-ವಿನ್ ಎಂಬ ವ್ಯವಸ್ಥೆಯಲ್ಲಿ ಒಮ್ಮೆ ದಾಖಲಾದ ಕೂಸಿನ ವಿವರವನ್ನು ಬೇರೆ ಊರಿನಲ್ಲಿಯೂ ನೋಡಲು ಬರುತ್ತದೆ.

ಎರಡನೆಯದು ಸಣ್ಣಪುಟ್ಟ ಅಸ್ವಾಸ್ಥ್ಯ ಮತ್ತು ಲಸಿಕೆಯ ನಂತರದ ಜ್ವರದ ಅಂಜಿಕೆ. ನೆಗಡಿ, ಸ್ವಲ್ಪ ಕೆಮ್ಮು, ಮೈ ಬೆಚ್ಚಗಾಗುವುದು ಇವು ಲಸಿಕೆಯನ್ನು ನಿಲ್ಲಿಸತಕ್ಕ ಕಾರಣಗಳಲ್ಲ. ಒಂದು ವರ್ಷದೊಳಗಿನ ಕೂಸಿಗೆ ನೆಗಡಿಯಿಲ್ಲದ ವಾರವನ್ನು ಹುಡುಕುತ್ತ ಕುಳಿತರೆ ವರ್ಷವೇ ಕಳೆದೀತು. ಚುಚ್ಚಿದ ರಾತ್ರಿ ಜ್ವರ ಬರುವುದು, ತೊಡೆ ಊದಿಕೊಳ್ಳುವುದು, ಕೂಸು ರಚ್ಚೆ ಹಿಡಿಯುವುದು ಉಂಟು. ಒಂದೇ ಖೋಲಿಯಲ್ಲಿ ನಾಲ್ಕೈದು ಮಂದಿ ಮಲಗಿ, ಬೆಳಗಿನ ನಾಲ್ಕು ಗಂಟೆಗೆ ಒಲೆ ಹೊತ್ತಿಸಲು ಎದ್ದು ಹೋಗಬೇಕಾದ ಮನೆಯಲ್ಲಿ ಆ ಒಂದು ರಾತ್ರಿ ಎಷ್ಟು ದೀರ್ಘವೆಂಬುದನ್ನು ನಾವು ಬಲ್ಲೆವು. ಆದರೂ ಸಾಮಾನ್ಯವಾಗಿ ಅದು ಒಂದೆರಡು ದಿನಗಳಲ್ಲಿ ಇಳಿಯುವ ಕಷ್ಟ. ಎಂಥ ಜ್ವರಕ್ಕೆ ಯಾವ ಔಷಧ, ಎಷ್ಟು ಪ್ರಮಾಣ ಎಂದು ಅಲ್ಲಿಯೇ ನರ್ಸನ್ನು ಕೇಳಿ ತಿಳಿದುಕೊಂಡು ಬರುವುದು ಲೇಸು.

ಮೂರನೆಯದು ಕೇಂದ್ರಗಳ ಕ್ರಮ. ಹಲವೆಡೆ ಲಸಿಕೆಗೆ ವಾರದಲ್ಲಿ ಒಂದು ದಿನ, ಬೆಳಗಿನ ಕೆಲವೇ ಗಂಟೆಗಳು. ಬಿ.ಸಿ.ಜಿ. ಮತ್ತು ದಡಾರದ ಲಸಿಕೆಗಳು ಪುಡಿಯ ರೂಪದಲ್ಲಿ ಬರುತ್ತವೆ. ದ್ರಾವಣ ಬೆರೆಸಿದ ಮೇಲೆ 4 ಗಂಟೆಗಳೊಳಗೆ ಮುಗಿಸಬೇಕು, ಉಳಿದುದನ್ನು ಚೆಲ್ಲಬೇಕು. ಒಂದು ಸೀಸೆಯಲ್ಲಿ ಹಲವು ಮಕ್ಕಳಿಗಾಗುವಷ್ಟು ಮದ್ದು ಇರುವುದರಿಂದ, ಒಂದೇ ಕೂಸಿಗಾಗಿ ತೆರೆಯಲು ಹಿಂಜರಿದು "ಮುಂದಿನ ವಾರ ಬನ್ನಿ" ಎನ್ನುವ ಪರಿಪಾಠ ಬೆಳೆದಿದೆ. ಸೀಸೆಯ ಬೆಲೆ ಲೆಕ್ಕಕ್ಕೆ ಬರುತ್ತದೆ; ಅರ್ಧ ದಿನದ ಸಂಬಳ ಬಿಟ್ಟು ಬಂದ ತಂದೆಯ ನಷ್ಟ ಯಾವ ಲೆಕ್ಕಕ್ಕೂ ಬರುವುದಿಲ್ಲ. ಮರಳಿ ಹೋದ ಆ ತಾಯಿ ಮುಂದಿನ ವಾರ ಬರುವಳೆಂಬ ಭರವಸೆ ಏನು? ಒಂದೇ ಕೂಸು ಬಂದರೂ ಸೀಸೆ ತೆರೆಯಬೇಕೆಂಬುದೇ ನಮ್ಮ ಸ್ಪಷ್ಟ ಅಭಿಪ್ರಾಯ.

ನಾಲ್ಕನೆಯದು ಪೋಲಿಯೊ ಹನಿಯಿಂದ ಹುಟ್ಟಿದ ತಪ್ಪು ತಿಳಿವಳಿಕೆ. 1994ರಲ್ಲಿ ದಿಲ್ಲಿಯಲ್ಲಿ ನಡೆದು 1995ರಲ್ಲಿ ದೇಶಕ್ಕೆಲ್ಲ ಹಬ್ಬಿದ ಪಲ್ಸ್ ಪೋಲಿಯೊ ಕಾರ್ಯಕ್ರಮವು ಮನೆಮನೆಯ ಬಾಗಿಲಿಗೂ ರೈಲು ನಿಲ್ದಾಣಕ್ಕೂ ಹನಿಯನ್ನು ತಂದಿತು. ಅದರ ಫಲವಾಗಿ 2011ರ ಜನವರಿಯ ನಂತರ ಪೋಲಿಯೊ ಕಾಣದೆ, 2014ರ ಮಾರ್ಚ್‌ನಲ್ಲಿ ಭಾರತವು ಪೋಲಿಯೊಮುಕ್ತವೆಂದು ಘೋಷಿತವಾಯಿತು. ಇದು ಹೆಮ್ಮೆಯ ಸಂಗತಿ. ಆದರೆ ಮನೆಗೇ ಬಂದು ಹನಿ ಹಾಕಿ ಬೆರಳಿಗೆ ಗುರುತು ಮಾಡಿದರೆ ಕೂಸಿನ ಲಸಿಕೆಯೆಲ್ಲ ಮುಗಿಯಿತೆಂದು ತಿಳಿದವರು ಇದ್ದಾರೆ. ಆ ಹನಿಯು ನಾಯಿಕೆಮ್ಮನ್ನಾಗಲಿ ದಡಾರವನ್ನಾಗಲಿ ತಡೆಯದು. ಅವುಗಳ ಲಸಿಕೆಗೆ ನಾವೇ ನಡೆದು ಹೋಗಬೇಕು.

ಐದನೆಯದು ವಿಶೇಷವಾಗಿ ಗುಮಾಸ್ತ ವರ್ಗದ ಬಂಧುಗಳಿಗೆ ಸಂಬಂಧಿಸಿದ್ದು. ಸರಕಾರಿ ದವಾಖಾನೆಯ ಲಸಿಕೆ ಕೀಳು, ಖಾಸಗಿ ವೈದ್ಯರ ಲಸಿಕೆ ಮೇಲು ಎಂಬ ಭಾವನೆಯಿಂದ, ಸಂಬಳದ ದಿನಕ್ಕಾಗಿ ಕಾಯುತ್ತ ಲಸಿಕೆಯನ್ನು ಮುಂದೂಡುವ ಮನೆಗಳನ್ನು ನಾವು ಬಲ್ಲೆವು. ನೋವು ಕಡಿಮೆಯೆಂಬ ಬೆಲೆಯುಳ್ಳ ಲಸಿಕೆಯನ್ನು ಕೊಳ್ಳುವ ಶಕ್ತಿಯಿದ್ದವರು ಕೊಳ್ಳಲಿ. ಆದರೆ ಬರಲಿರುವ ತಿಂಗಳ ದುಬಾರಿ ಲಸಿಕೆಗಿಂತ ಇಂದಿನ ಉಚಿತ ಲಸಿಕೆಯೇ ಕೂಸಿಗೆ ಹೆಚ್ಚು ಹಿತಕರ. ನ್ಯುಮೋನಿಯ ತರುವ ನ್ಯುಮೊಕಾಕಸ್ ಕ್ರಿಮಿಯ ಮತ್ತು ರೋಟಾ ಭೇದಿಯ ಲಸಿಕೆಗಳೂ ಈಗ ಸರಕಾರಿ ಪಟ್ಟಿಯಲ್ಲಿಯೇ ಸೇರಿವೆ.

ಕೊನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದು ನಾಚಿಕೆ. ತಾರೀಖು ತಪ್ಪಿದ ತಾಯಿ ಕೇಂದ್ರಕ್ಕೆ ಹೋದರೆ ಹತ್ತು ಜನರ ಮುಂದೆ ಗದರಿಕೆಯ ಮಾತು ಕೇಳಬೇಕು. ಭಾಷೆ ಬಾರದಿದ್ದರೆ ಅದು ಇನ್ನೂ ಕಠೋರವಾಗಿ ಕೇಳಿಸುತ್ತದೆ. ಒಂದು ವಾರದ ತಪ್ಪನ್ನು ಮುಚ್ಚಿಕೊಳ್ಳಲು ಹೋಗಿ ಎರಡು ತಿಂಗಳ ತಪ್ಪಾಗುತ್ತದೆ. "ಕಾಲ ಮೀರಿತು, ಇನ್ನು ಹಾಕಿಸಿ ಫಲವೇನು?" ಎಂದು ಕೆಲವರು ಕೈಬಿಡುತ್ತಾರೆ. ಇದು ದೊಡ್ಡ ತಪ್ಪು. ತಡವಾದರೆ ಮೊದಲಿನಿಂದ ಪ್ರಾರಂಭಿಸಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸಬಹುದು. ಹುಟ್ಟಿದಾಗ ತಪ್ಪಿದ ಬಿ.ಸಿ.ಜಿ.ಯನ್ನು ಒಂದು ವರ್ಷದವರೆಗೆ, ದಡಾರದ ಲಸಿಕೆಯನ್ನು ಐದು ವರ್ಷದವರೆಗೆ ಕೊಡಲು ಅವಕಾಶವುಂಟು. ತಡವಾಯಿತೆಂಬುದು ಇಂದೇ ಹೋಗಲು ಕಾರಣ, ಹೋಗದಿರಲು ಅಲ್ಲ.

ನಾವು ಇರುವ ಊರುಗಳು ಎಂಥವು ಎಂಬುದನ್ನೂ ಒಮ್ಮೆ ಯೋಚಿಸಬೇಕು. 1802ರ ಜೂನ್ 14ರಂದು ಭಾರತದಲ್ಲಿ ಮೊತ್ತಮೊದಲು ಸಿಡುಬಿನ ದಾಕು ಹಾಕಿದುದು ಇದೇ ಮುಂಬಯಿಯಲ್ಲಿ, ಮೂರು ವರ್ಷದ ಒಂದು ಹೆಣ್ಣುಮಗುವಿಗೆ. 1897ರಲ್ಲಿ ಹಾಫ್‌ಕಿನ್ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡುದೂ ಇಲ್ಲಿಯೇ. ಇಂದು ಪುಣೆ, ಹೈದರಾಬಾದುಗಳಲ್ಲಿ ತಯಾರಾಗುವ ಲಸಿಕೆಗಳು ಸಮುದ್ರ ದಾಟಿ ಎಷ್ಟೋ ದೇಶಗಳ ಮಕ್ಕಳನ್ನು ತಲುಪುತ್ತವೆ. ಅದೇ ಊರುಗಳ ಹೋಟೆಲುಗಳ ಹಿಂದಿನ ಓಣಿಯಲ್ಲಿ ನಮ್ಮ ಕೂಸಿನ ಕಾರ್ಡು ಬರಿದಾಗಿದ್ದರೆ ಅದು ದೀಪದ ಬುಡದ ಕತ್ತಲೆಯಲ್ಲದೆ ಮತ್ತೇನು? "ನಾವೆಲ್ಲ ಲಸಿಕೆಯಿಲ್ಲದೆಯೇ ಬೆಳೆಯಲಿಲ್ಲವೇ?" ಎನ್ನುವ ಹಿರಿಯರು ತಮ್ಮ ತೋಳಿನ ಮೇಲಿನ ದಾಕಿನ ಕಲೆಯನ್ನೊಮ್ಮೆ ನೋಡಿಕೊಳ್ಳಲಿ, ಬೆಳೆಯದೆ ಹೋದ ತಮ್ಮ ಒಡಹುಟ್ಟಿದವರನ್ನೂ ನೆನೆದುಕೊಳ್ಳಲಿ.

ಹಾಗಾದರೆ ಮಾಡಬೇಕಾದುದೇನು? ಮೊದಲ ವಿನಂತಿ ಹೋಟೆಲಿನ ಧಣಿಗಳಿಗೆ. ಅವರಲ್ಲಿ ಎಷ್ಟೋ ಮಂದಿ ತಾವೂ ಒಂದು ಕಾಲದಲ್ಲಿ ಲೋಟ ತೊಳೆದು ಮೇಲೆ ಬಂದವರು; ಕೆಲಸಗಾರನ ಮನೆಯ ಕಷ್ಟ ಅವರಿಗೆ ತಿಳಿಯದ್ದಲ್ಲ. ತನ್ನ ವ್ಯಾಪ್ತಿಗೆ ಒಳಪಡುವ ಸಂಸ್ಥೆಗಳಲ್ಲಿ ವರ್ಷಕ್ಕೆ 8 ದಿನಗಳ ಸಂಬಳಸಹಿತ ಸಾಂದರ್ಭಿಕ ರಜೆಯನ್ನು ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯೇ ವಿಧಿಸಿದೆ. ಒಂದು ಕೂಸಿನ ಮೊದಲ ವರ್ಷಕ್ಕೆ ಬೇಕಾದುದು ನಾಲ್ಕು ಅರ್ಧ ದಿನಗಳು: ಒಂದೂವರೆ, ಎರಡೂವರೆ, ಮೂರೂವರೆ ಮತ್ತು ಒಂಬತ್ತನೆಯ ತಿಂಗಳು. ಒಟ್ಟು ಎರಡು ದಿನ. ಇಷ್ಟನ್ನು ಮುಖ ಸಿಂಡರಿಸದೆ ಕೊಟ್ಟರೆ ಯಾವ ಹೋಟೆಲೂ ಮುಚ್ಚಿಹೋಗದು.

ಎರಡನೆಯದು ತಂದೆಯರಿಗೆ. ಲಸಿಕೆಯು ಹೆಂಗಸರ ಕೆಲಸವೆಂಬ ಭಾವನೆಯನ್ನು ಬಿಡಬೇಕು. ಈ ಊರಿನ ಭಾಷೆ, ಬಸ್ಸು, ಬೀದಿ ತಿಳಿದವರು ನೀವು. ನಿನ್ನೆ ಮೊನ್ನೆ ಬಂದ ಬಾಣಂತಿಯಲ್ಲ. ಹೆಂಡತಿ ಊರಿನಲ್ಲಿದ್ದರೆ ವಾರಕ್ಕೊಮ್ಮೆ ಫೋನಿನಲ್ಲಿ ಊಟ ತಿಂಡಿಯ ಕ್ಷೇಮ ಕೇಳುವಾಗ ಕಾರ್ಡಿನ ಕ್ಷೇಮವನ್ನೂ ಕೇಳಿರಿ. ಕಾರ್ಡಿನ ಚಿತ್ರವೊಂದು ನಿಮ್ಮ ಫೋನಿನಲ್ಲಿರಲಿ. ಊರಿನಿಂದ ಹೊರಡುವಾಗ ಹಪ್ಪಳ ಉಪ್ಪಿನಕಾಯಿಗಳ ಗಂಟಿಗಿಂತ ಮೊದಲು ಕಾರ್ಡು ಚೀಲದೊಳಗೆ ಬೀಳಲಿ.

ಮೂರನೆಯದು ನಮ್ಮ ಸಂಘಸಂಸ್ಥೆಗಳಿಗೆ. ಹೊರನಾಡಿನಲ್ಲಿ ಕನ್ನಡಿಗರು ಕಟ್ಟಿದ ಸಂಘಗಳು ಯಕ್ಷಗಾನ, ನಾಡಹಬ್ಬ, ವಿದ್ಯಾರ್ಥಿವೇತನಗಳಲ್ಲಿ ಹೆಸರು ಗಳಿಸಿವೆ. ಹೊಸದಾಗಿ ಬಂದ ಬಾಣಂತಿಯೊಡನೆ ಕೇಂದ್ರಕ್ಕೆ ಹೋಗಿ, ನರ್ಸಿನ ಮಾತನ್ನು ಕನ್ನಡದಲ್ಲಿಯೋ ತುಳುವಿನಲ್ಲಿಯೋ ತಿಳಿಸಿ ಹೇಳುವ ನಾಲ್ಕು ಮಂದಿ ಹೆಣ್ಣುಮಕ್ಕಳನ್ನು ಪ್ರತಿ ಸಂಘವೂ ಗೊತ್ತುಮಾಡಲಿ. ಇದಕ್ಕೆ ನಿಧಿ ಬೇಡ, ಸಭಾಂಗಣ ಬೇಡ, ಮನಸ್ಸು ಸಾಕು.

ನಾಲ್ಕನೆಯದು ನಗರಪಾಲಿಕೆಗಳಿಗೆ. ದುಡಿಯುವ ಜನರಿರುವ ವಾರ್ಡುಗಳಲ್ಲಿ ಸಂಜೆಯ ಹೊತ್ತಾಗಲಿ ಭಾನುವಾರವಾಗಲಿ ಲಸಿಕೆ ದೊರೆಯುವಂತಾಗಲಿ. ಬಂದ ಕೂಸನ್ನು ಬರಿಗೈಯಲ್ಲಿ ಕಳುಹಿಸದಿರಲಿ. ತಡವಾಗಿ ಬಂದ ತಾಯಿಯನ್ನು ಗದರಿಸದೆ "ಬಂದಿರಲ್ಲ, ಒಳ್ಳೆಯದಾಯಿತು" ಎನ್ನಲಿ.

ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದ ಮೇಲೆ ಉರಿ ತಗ್ಗಿಸುವವನನ್ನು ಯಾವ ಹೋಟೆಲಿನವರೂ ಅಡುಗೆಮನೆಯಲ್ಲಿ ಇಟ್ಟುಕೊಳ್ಳಲಾರರು. ಹೊತ್ತಿನ ಬೆಲೆಯನ್ನು ನಮ್ಮ ಜನಕ್ಕೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಆ ಎಚ್ಚರವನ್ನೇ ಕೂಸಿನ ಕಾರ್ಡಿನ ಮೇಲೂ ಇಡಬೇಕೆಂಬುದಷ್ಟೇ ನಮ್ಮ ಬಿನ್ನಹ.

ಮೊದಲು ಹೇಳಿದ ಆ ಗೃಹಸ್ಥರು ಮರುವಾರವೇ ಅರ್ಧ ದಿನದ ರಜೆ ಪಡೆದು ಹೆಂಡತಿ ಮಗುವಿನೊಡನೆ ಕೇಂದ್ರಕ್ಕೆ ಹೋಗಿ ಬಂದರು. ರಾತ್ರಿ ಕೂಸಿಗೆ ಜ್ವರ ಬಂದು, ಎರಡನೆಯ ದಿನ ಇಳಿಯಿತಂತೆ. ನಾಲ್ಕು ವಾರಗಳ ಮುಂದಿನ ತಾರೀಖನ್ನು ಅವರು ಗಲ್ಲಾದ ಹಿಂದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾರೆ. ಎರಡು ವರ್ಷದೊಳಗಿನ ಕೂಸಿರುವ ನಮ್ಮ ವಾಚಕರು ಇಂದು ರಾತ್ರಿ ಮಲಗುವ ಮುನ್ನ ಪೆಟ್ಟಿಗೆಯಿಂದ ಕಾರ್ಡನ್ನು ತೆಗೆದು ಒಮ್ಮೆ ನೋಡಲಿ. ಬರಿದಾದ ಸಾಲು ಕಂಡರೆ ನಾಳೆಯೇ ಹೊರಡಲಿ.